ದಿನಕ್ಕೆ ಹದಿನೈದು ತಾಸು

ನಮ್ಮ ಕಡೆ ಯಾರಿಗಾದರೂ ಆಕ್ಸಿಜನ್ ಹಚ್ಚಿದ್ದಾರೆಂಬ ಸುದ್ದಿ ಬಂದರೆ ಕೇಳಿದವರ ದನಿ ತಾನಾಗಿ ತಗ್ಗುತ್ತದೆ. ನೋಡಲು ಬಂದವರು ಹಾಸಿಗೆಯ ಪಕ್ಕದಲ್ಲಿ ಹಣ್ಣಿನ ಚೀಲ ಇಟ್ಟು, ನಾಲ್ಕು ಮಾತಾಡಿ, ಪಡಸಾಲೆಗೆ ಬಂದ ಮೇಲೆ ‘ಡಾಕ್ಟರು ಏನಂದಾರ, ಎಷ್ಟ್ ದಿನ ಅಂತ?’ ಎಂದು ಕೇಳುತ್ತಾರೆ. 2021ರ ಬೇಸಿಗೆಯಲ್ಲಿ ಕೋವಿಡ್‌ನ ಎರಡನೆಯ ಅಲೆ ಎದ್ದು, ಜನ ಸಿಲಿಂಡರಿಗಾಗಿ ಊರೂರು ಅಲೆದದ್ದನ್ನು ಕಂಡ ಮೇಲಂತೂ ಮೂಗಿಗೆ ನಳಿಕೆ ಬಂತೆಂದರೆ ಮುಗಿಯಿತು ಎಂಬ ನಂಬಿಕೆ ಇನ್ನಷ್ಟು ಗಟ್ಟಿಯಾಗಿದೆ. ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ನಂಬಿಕೆಯೂ ಇದೆ: ದಮ್ಮು ಹತ್ತಿದಾಗ ಅರ್ಧ ತಾಸು ನಳಿಕೆ ಹಚ್ಚಿಕೊಂಡು, ಹಗುರೆನಿಸಿದ ಕೂಡಲೇ ತೆಗೆದಿಟ್ಟರೆ ಸಾಕು ಎಂಬುದು. ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರು ಮನೆಯಲ್ಲಿದ್ದುಕೊಂಡೇ ವರ್ಷಗಟ್ಟಲೆ ತೆಗೆದುಕೊಳ್ಳುವ ಆಮ್ಲಜನಕದ ವಿಷಯದಲ್ಲಿ ಈ ಎರಡೂ ತಪ್ಪು. ಮೊದಲನೆಯದು ಮನೆಯವರ ಧೈರ್ಯ ಕೆಡಿಸುತ್ತದೆ. ಎರಡನೆಯದು ಚಿಕಿತ್ಸೆಯನ್ನೇ ಕೆಡಿಸುತ್ತದೆ. ಹಾಗಾಗಿ ನನಗೆ ಎರಡನೆಯದರ ಮೇಲೆಯೇ ಹೆಚ್ಚು ಸಿಟ್ಟು.

ನಮ್ಮ ಅತ್ತೆಯವರು ನವಲಗುಂದ ತಾಲ್ಲೂಕಿನ ಎರೆಭೂಮಿಯ ಹಳ್ಳಿಯೊಂದರಲ್ಲಿ, ಮೇಲ್ಮುದ್ದೆಯ ಮನೆಯಲ್ಲಿ ಸಂಸಾರ ಮಾಡಿದವರು. ಅಡುಗೆಮನೆಗೆ ಇದ್ದದ್ದು ಒಂದು ಬೆಳಕಿಂಡಿ. ಒಲೆಗೆ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಮಳೆಗಾಲಕ್ಕೆ ಒಟ್ಟಿಟ್ಟ ಕುಳ್ಳು. ಹಸಿ ಕಟ್ಟಿಗೆ ಹೊತ್ತದಿದ್ದರೆ ಊದುಗೊಳವೆ. ಮನೆಮಂದಿಗೆಲ್ಲ, ಹೊಲದ ಆಳುಗಳಿಗೂ ಸೇರಿಸಿ, ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಬಡಿದವರು ಅವರು. ಬೀಡಿ ಮುಟ್ಟಿದವರಲ್ಲ. ಆದರೂ ಹುಬ್ಬಳ್ಳಿಯ ಶ್ವಾಸಕೋಶ ತಜ್ಞರು ಊದುವ ಪರೀಕ್ಷೆ ಮಾಡಿಸಿ, ಇದು ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಗಾಳಿ ಸರಾಗ ಹೊರಹೋಗಲಾರದ ದೀರ್ಘಕಾಲದ ಕಾಯಿಲೆ, ಬೀಡಿ ಸೇದುವವರಿಗೆ ಬರುವಂಥದ್ದೇ, ಇವರಿಗೆ ಒಲೆಯ ಹೊಗೆಯಿಂದ ಬಂದಿದೆ ಎಂದರು. ಆ ವೈದ್ಯರ ಕೋಣೆಯ ಹೊರಗಿನ ಬೆಂಚುಗಳ ಮೇಲೆ ನಮ್ಮ ಸೀಮೆಯ ಕಸುಬುಗಳೆಲ್ಲ ಸಾಲಾಗಿ ಕೂತಿರುತ್ತವೆ. ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿಯ ಧೂಳು ಕುಡಿದವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಘಾಟಿನಲ್ಲೇ ಆಯುಷ್ಯ ಕಳೆದ ಹೆಂಗಸರು, ಹಿಂದೊಮ್ಮೆ ಕ್ಷಯ ಬಂದು ಗುಣವಾದರೂ ಶ್ವಾಸಕೋಶದಲ್ಲಿ ಕಲೆ ಉಳಿಸಿಕೊಂಡವರು. ಮನೆಗೆ ಆಮ್ಲಜನಕ ಬರುವ ದಾರಿಗಳು ಹಲವು, ಧೂಮಪಾನ ಅವುಗಳಲ್ಲಿ ಒಂದು ಮಾತ್ರ.

ಆದರೆ ಈ ಬೆಂಚಿನ ಮೇಲೆ ಕೂತವರೆಲ್ಲರಿಗೂ ಆಮ್ಲಜನಕ ಬೇಕಿಲ್ಲ. ಬೇಕೋ ಬೇಡವೋ ಎಂಬುದನ್ನು ತೇಕು ನೋಡಿ ತೀರ್ಮಾನಿಸುವುದಿಲ್ಲ, ರಕ್ತ ನೋಡಿ ತೀರ್ಮಾನಿಸುತ್ತಾರೆ. ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದು ಮಾಡುವ ಎಬಿಜಿ ಪರೀಕ್ಷೆಯಲ್ಲಿ, ರೋಗಿ ವಿಶ್ರಾಂತಿಯಲ್ಲಿರುವಾಗ ಆಮ್ಲಜನಕದ ಒತ್ತಡ ಪಾದರಸದ ಅಳತೆಯಲ್ಲಿ 55 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಬೆರಳಿಗೆ ಹಾಕುವ ಆಕ್ಸಿಮೀಟರಿನ ಲೆಕ್ಕದಲ್ಲಿ ಸುಮಾರು 88 ಪ್ರತಿಶತ ಅಥವಾ ಅದಕ್ಕಿಂತ ಕಡಿಮೆ. ಒತ್ತಡ 56ರಿಂದ 59ರ ನಡುವೆ ಇದ್ದರೆ ಹೃದಯದ ಬಲಭಾಗ ಸೋತಿರುವ ಲಕ್ಷಣವೋ, ರಕ್ತದಲ್ಲಿ ಕೆಂಪುಕಣಗಳು ಮಿತಿಮೀರಿ ಹೆಚ್ಚಿರುವ ಲಕ್ಷಣವೋ ಜೊತೆಗಿರಬೇಕು. ಈ ಅಳತೆಯನ್ನೂ ಕಾಯಿಲೆ ಕೆರಳಿರುವಾಗ ಒಮ್ಮೆ ತೆಗೆದು ಮುಗಿಸುವಂತಿಲ್ಲ. ನೆಗಡಿ-ಜ್ವರದಿಂದ ಕಫ ಕಟ್ಟಿ ಆಸ್ಪತ್ರೆ ಸೇರಿದ ಸಿಒಪಿಡಿ ರೋಗಿಯ ಆಮ್ಲಜನಕ ಆಗ ಕುಸಿದಿರುವುದು ಸಹಜ, ಚೇತರಿಸಿಕೊಂಡ ಮೇಲೆ ಅದು ಏರಲೂಬಹುದು. ಆದ್ದರಿಂದ ಬಿಡುಗಡೆಯ ಹೊತ್ತಿಗೆ ಮನೆಗೆ ಆಮ್ಲಜನಕ ಬರೆದುಕೊಟ್ಟಿದ್ದರೆ ಎರಡು ಮೂರು ತಿಂಗಳೊಳಗೆ ಮತ್ತೆ ಅಳೆಯಬೇಕು ಎಂಬುದು ನಿಯಮ. ಈ ಮರುಪರೀಕ್ಷೆಯನ್ನು ನಮ್ಮಲ್ಲಿ ಬಹಳ ಮಂದಿ ಮಾಡಿಸುವುದಿಲ್ಲ. ಆಮ್ಲಜನಕದ ಯಂತ್ರ ಬಂದಾಯಿತು, ಇನ್ನೇನು ನೋಡುವುದು ಎಂದು ಬಿಟ್ಟುಬಿಡುತ್ತಾರೆ.

ಆಮ್ಲಜನಕ ಬೇಕಾದವರು ಅದನ್ನು ದಿನಕ್ಕೆ ಕನಿಷ್ಠ ಹದಿನೈದು ತಾಸು ಹಚ್ಚಿಕೊಳ್ಳಬೇಕು ಎನ್ನುತ್ತಾರೆ ವೈದ್ಯರು. ಈ ಹದಿನೈದು ತಾಸಿನ ಲೆಕ್ಕ ಎಲ್ಲಿಂದ ಬಂತು ಎಂದು ನಾನು ಹುಡುಕಿ ಓದಿದೆ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳಿಗೆ ಅಂಕಿ ಕೊಟ್ಟರೆ ಅದರ ಬುಡ ನೋಡುವ ಚಟ ಹೋಗುವುದಿಲ್ಲ. ಬುಡದಲ್ಲಿ ಎರಡು ಅಧ್ಯಯನಗಳಿವೆ. 1980ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನದಲ್ಲಿ 203 ರೋಗಿಗಳಿದ್ದರು. ಅರ್ಧ ಜನರಿಗೆ ರಾತ್ರಿ 12 ತಾಸು ಮಾತ್ರ, ಉಳಿದರ್ಧ ಜನರಿಗೆ ಹಗಲೂ ರಾತ್ರಿಯೂ ಆಮ್ಲಜನಕ ಕೊಟ್ಟರು. ಹಗಲೂ ರಾತ್ರಿ ಎಂದರೂ ಅವರು ನಿಜಕ್ಕೂ ಹಚ್ಚಿಕೊಂಡದ್ದು ಸರಾಸರಿ 18 ತಾಸಿನಷ್ಟು. ಎರಡು ವರ್ಷ ಕಳೆಯುವುದರೊಳಗೆ ರಾತ್ರಿ ಮಾತ್ರ ತೆಗೆದುಕೊಂಡವರಲ್ಲಿ ಶೇಕಡ 41ರಷ್ಟು ಮಂದಿ ತೀರಿಕೊಂಡಿದ್ದರೆ, ಹೆಚ್ಚು ತಾಸು ತೆಗೆದುಕೊಂಡವರಲ್ಲಿ ಆ ಪ್ರಮಾಣ ಶೇಕಡ 22. ಮರುವರ್ಷ, 1981ರಲ್ಲಿ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್‌ನ ಅಧ್ಯಯನ ಬಂತು. ಅಲ್ಲಿ 87 ರೋಗಿಗಳು. ಒಂದು ಗುಂಪಿಗೆ ದಿನಕ್ಕೆ ಕನಿಷ್ಠ 15 ತಾಸು ಆಮ್ಲಜನಕ, ಇನ್ನೊಂದಕ್ಕೆ ಏನೂ ಇಲ್ಲ. ಐದು ವರ್ಷದಲ್ಲಿ ಆಮ್ಲಜನಕ ಪಡೆದ 42 ಜನರಲ್ಲಿ 19 ಮಂದಿ, ಪಡೆಯದ 45 ಜನರಲ್ಲಿ 30 ಮಂದಿ ಸತ್ತರು. ಇಷ್ಟು ಸಣ್ಣ ಅಧ್ಯಯನಗಳು ಇಂದಿಗೂ ಜಗತ್ತಿನಾದ್ಯಂತ ವೈದ್ಯರ ಕೈಹಿಡಿದು ನಡೆಸುತ್ತಿವೆ ಎಂದರೆ ಆಶ್ಚರ್ಯವೇ. ಸಿಒಪಿಡಿಯಲ್ಲಿ ಆಯುಷ್ಯವನ್ನೇ ಹೆಚ್ಚಿಸುತ್ತವೆಂದು ತೋರಿಸಲಾದ ಉಪಾಯಗಳು ಬೆರಳೆಣಿಕೆಯಷ್ಟು, ಅದರಲ್ಲಿ ಇದೊಂದು.

ಆಮ್ಲಜನಕ ಇಲ್ಲಿ ಮಾಡುವ ಮುಖ್ಯ ಕೆಲಸ ಹೃದಯಕ್ಕೆ ಸಂಬಂಧಿಸಿದ್ದು. ಶ್ವಾಸಕೋಶದ ಯಾವ ಭಾಗಕ್ಕೆ ಗಾಳಿ ಸಾಲದೋ ಆ ಭಾಗದ ರಕ್ತನಾಳಗಳು ಬಿಗಿದುಕೊಳ್ಳುತ್ತವೆ. ಗಾಳಿಯಿಲ್ಲದ ಕಡೆಗೆ ರಕ್ತ ಕಳಿಸಿ ಪ್ರಯೋಜನವಿಲ್ಲವೆಂದು ದೇಹ ಮಾಡಿಕೊಂಡ ಏರ್ಪಾಡು ಅದು. ಆದರೆ ಇಡೀ ಶ್ವಾಸಕೋಶದಲ್ಲೇ ಆಮ್ಲಜನಕ ಕಡಿಮೆಯಾದಾಗ ಎಲ್ಲ ಕಡೆಯೂ ನಾಳಗಳು ಬಿಗಿದು, ಆ ಬಿಗಿತದ ಎದುರು ರಕ್ತ ತಳ್ಳಿ ತಳ್ಳಿ ಹೃದಯದ ಬಲಭಾಗ ದಣಿಯುತ್ತದೆ. ದಣಿದಾಗ ರಕ್ತ ಹಿಂದಕ್ಕೆ ನಿಂತು ಕಾಲು ಬಾಯುತ್ತದೆ. ನಮ್ಮ ಮನೆಯಲ್ಲಿ ಇದು ಮೊದಲು ಗೊತ್ತಾದದ್ದು ಕಾಲುಂಗುರದಿಂದ. ಮದುವೆಯಾದಾಗಿನಿಂದ ಸಡಿಲವಾಗಿ ತಿರುಗುತ್ತಿದ್ದ ಬೆಳ್ಳಿಯ ಕಾಲುಂಗುರ ಬೆರಳಿನ ಮಾಂಸದೊಳಗೆ ಕಚ್ಚಿಕೊಂಡು, ಸಾಬೂನು ಹಚ್ಚಿದರೂ ಬರದೆ, ಕೊನೆಗೆ ಪತ್ತಾರರು ಮನೆಗೆ ಬಂದು ಕತ್ತರಿಸಿ ತೆಗೆಯಬೇಕಾಯಿತು. ಮುತ್ತೈದೆಯ ಕಾಲುಂಗುರ ತೆಗೆಯುವುದೆಂದು ಅತ್ತೆ ಅತ್ತರು; ಕಾಲು ನೋಯುತ್ತದೆಂದು ಅತ್ತವರಲ್ಲ. ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯುತ್ತಿತ್ತು. ಆಮ್ಲಜನಕ ಶುರುವಾಗಿ, ಜೊತೆಗೆ ಮೂತ್ರ ಹೆಚ್ಚಿಸುವ ಗುಳಿಗೆಯೂ ನಡೆದು, ಕೆಲ ತಿಂಗಳಲ್ಲಿ ಆ ಬಾವು ಇಳಿಯಿತು. ಅದೇ ಪತ್ತಾರರು ಬೆಸೆದುಕೊಟ್ಟ ಕಾಲುಂಗುರ ಮತ್ತೆ ಬೆರಳಿಗೆ ಬಂದಿದೆ.

ಆದರೆ ತೇಕು ಇಳಿಯಲಿಲ್ಲ. ಮೊದಮೊದಲು ಅತ್ತೆ ದಿನವೂ ಇದನ್ನೇ ಹೇಳುತ್ತಿದ್ದರು: ‘ಯವ್ವಾ, ಇದನ್ನ ಹಚ್ಚಿಕೊಂಡು ಕುಂತ್ರೂ ತೇಕು ಕಡಿಮಿ ಆಗವಲ್ದು. ಸುಮ್ನ ಕರೆಂಟ್ ದಂಡ.’ ಅವರು ಹೇಳಿದ್ದು ನಿಜವೇ. ಉಸಿರಾಟದ ಆಯಾಸ ಬೇರೆ, ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗುವುದು ಬೇರೆ. ಸಿಒಪಿಡಿಯವರಿಗೆ ತೇಕು ಬರುವುದು ಬಹುಮಟ್ಟಿಗೆ ಗಾಳಿ ಹೊರಗೆ ಹೋಗಲಾರದೆ ಎದೆಯೊಳಗೆ ಸಿಕ್ಕಿಬಿದ್ದು, ಎದೆಯ ಸ್ನಾಯುಗಳು ಸೋಲುವುದರಿಂದ. ಆಮ್ಲಜನಕ ಅದನ್ನು ಬಿಡಿಸುವುದಿಲ್ಲ. ಅದಕ್ಕೆ ಇನ್ಹೇಲರ್ ಇದೆ, ತುಟಿ ಕೂಡಿಸಿ ನಿಧಾನಕ್ಕೆ ಉಸಿರು ಬಿಡುವ ಅಭ್ಯಾಸವಿದೆ, ಕಾಲಿಗೆ ಬಲ ತರುವ ವ್ಯಾಯಾಮವಿದೆ. ಇನ್ನೊಂದು ಕಡೆ, ಆಮ್ಲಜನಕ 85ಕ್ಕೆ ಇಳಿದರೂ ಏನೂ ಅನ್ನಿಸದೆ ಆರಾಮಾಗಿ ಎಲೆ-ಅಡಿಕೆ ಹಾಕುತ್ತ ಕೂತವರಿದ್ದಾರೆ. ಅನ್ನಿಸುವುದನ್ನು ನಂಬಿ ನಳಿಕೆ ಹಚ್ಚುವವರು ಬೇಕಾದಾಗ ಹಚ್ಚದೆ, ಬೇಡದಾಗ ಹಚ್ಚಿಕೊಳ್ಳುತ್ತಾರೆ. ಬಿಪಿಯ ಗುಳಿಗೆಯನ್ನು ತಲೆ ತಿರುಗಿದ ದಿನ ಮಾತ್ರ ನುಂಗಿದಂತೆ ಇದು.

ನಮ್ಮ ಓಣಿಯ ಕಾಕಾ ಒಬ್ಬರು, ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರನ್ನು ಇಂದಿಗೂ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು ತಿರುಗುವವರು, ತಮಗೆ 92 ಬರುತ್ತದೆ, ಮೆಟ್ಟಿಲೇರಿದರೆ 89, ತಾವೂ ಒಂದು ಯಂತ್ರ ತರಿಸಲೇ ಎಂದು ಕೇಳಿದ್ದರು. 2016ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನ ಸರಿಯಾಗಿ ಇಂಥವರ ಮೇಲೆಯೇ ನಡೆದದ್ದು. ವಿಶ್ರಾಂತಿಯಲ್ಲಿ 89ರಿಂದ 93ರವರೆಗೆ ಇರುವ, ಅಥವಾ ನಡೆದಾಗ ಮಾತ್ರ ಇಳಿಯುವ 738 ಜನರಲ್ಲಿ ಆಮ್ಲಜನಕ ಕೊಟ್ಟವರಿಗೂ ಕೊಡದವರಿಗೂ ಸಾವಿನಲ್ಲಾಗಲಿ ಆಸ್ಪತ್ರೆ ಸೇರುವುದರಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ನಾನು ಇದನ್ನು ಹೇಳಿದಾಗ ಕಾಕಾ ಅವರಿಗೆ ಸಮಾಧಾನವಾಗುವ ಬದಲು ಬೇಸರವೇ ಆಯಿತು. ಕೈಯಲ್ಲಿ ದುಡ್ಡಿತ್ತು, ಕೊಳ್ಳುವ ಮನಸ್ಸಿತ್ತು. ಅಂಗಡಿಯವರು ಬೇಡವೆನ್ನುವುದಿಲ್ಲವಲ್ಲ. ಅವರು ತಜ್ಞರ ಬಳಿ ಹೋಗಿ ಫ್ಲೂ ಮತ್ತು ನ್ಯುಮೋನಿಯಾದ ಲಸಿಕೆ ಹಾಕಿಸಿಕೊಂಡು ಬಂದರು, ಯಂತ್ರ ಕೊಳ್ಳಲಿಲ್ಲ.

ಯಂತ್ರದ ವಿಷಯಕ್ಕೆ ಬರುತ್ತೇನೆ. ಕಾನ್ಸಂಟ್ರೇಟರ್ ಆಮ್ಲಜನಕವನ್ನು ತಯಾರಿಸುವುದಿಲ್ಲ, ಕೋಣೆಯ ಗಾಳಿಯಿಂದ ಬೇರ್ಪಡಿಸುತ್ತದೆ. ಗಾಳಿಯಲ್ಲಿ ಸಾರಜನಕ ಶೇಕಡ 78, ಆಮ್ಲಜನಕ 21. ಯಂತ್ರದೊಳಗೆ ಜಿಯೊಲೈಟ್ ಎಂಬ ಖನಿಜದ ಹರಳು ತುಂಬಿದ ಎರಡು ಕೊಳವೆಗಳಿರುತ್ತವೆ. ಕಂಪ್ರೆಸರ್ ಗಾಳಿಯನ್ನು ಒತ್ತಿ ಒಂದು ಕೊಳವೆಗೆ ನುಗ್ಗಿಸಿದಾಗ ಹರಳು ಸಾರಜನಕವನ್ನು ಹಿಡಿದಿಟ್ಟುಕೊಂಡು ಆಮ್ಲಜನಕವನ್ನು ಮುಂದೆ ಬಿಡುತ್ತದೆ. ಅಷ್ಟರಲ್ಲಿ ಇನ್ನೊಂದು ಕೊಳವೆಯ ಒತ್ತಡ ಇಳಿದು, ಹಿಡಿದಿದ್ದ ಸಾರಜನಕ ಹೊರಗೆ ಹೋಗುತ್ತದೆ. ಕೆಲವು ಸೆಕೆಂಡಿಗೊಮ್ಮೆ ಕೇಳುವ ‘ಫುಸ್’ ಎಂಬ ನಿಟ್ಟುಸಿರು ಅದೇ. ಮೊದಲ ರಾತ್ರಿ ಮನೆಮಂದಿಯೆಲ್ಲ ಎದ್ದು ಕೂತದ್ದು ಆ ಸದ್ದಿಗೆ. ಹೊರಬರುವ ಗಾಳಿಯಲ್ಲಿ ಆಮ್ಲಜನಕ 90ರಿಂದ 96 ಪ್ರತಿಶತ ಇರುತ್ತದೆ. ನೂರು ಏಕಿಲ್ಲವೆಂದರೆ, ಗಾಳಿಯಲ್ಲಿ ಒಂದು ಪ್ರತಿಶತದಷ್ಟಿರುವ ಆರ್ಗಾನ್ ಅನಿಲವನ್ನು ಜಿಯೊಲೈಟ್ ಹಿಡಿಯಲಾರದು, ಅದೂ ಆಮ್ಲಜನಕದ ಜೊತೆಗೆ ಬರುತ್ತದೆ. ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ಜಡ ಅನಿಲದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಇನ್ನು, 95 ಪ್ರತಿಶತದ ಅನಿಲ ನಳಿಕೆಯಲ್ಲಿ ಬಂದರೂ ಮೂಗಿನಲ್ಲಿ ಕೋಣೆಯ ಗಾಳಿ ಕೂಡಿಕೊಳ್ಳುವುದರಿಂದ ರೋಗಿ ಎಳೆದುಕೊಳ್ಳುವುದು ನಿಮಿಷಕ್ಕೆ 1 ಲೀಟರಿಗೆ ಸುಮಾರು 24 ಪ್ರತಿಶತ, 2 ಲೀಟರಿಗೆ ಸುಮಾರು 28 ಪ್ರತಿಶತ ಆಮ್ಲಜನಕವನ್ನು ಮಾತ್ರ.

ಈ ಯಂತ್ರಕ್ಕೆ ನಮ್ಮ ಸೀಮೆಯ ಹವೆಯಲ್ಲಿ ಇರುವ ವೈರಿ ಧೂಳು. ಗಾಳಿ ಒಳಹೋಗುವ ಬಾಯಿಗೆ ಒಂದು ಸ್ಪಂಜಿನ ಫಿಲ್ಟರ್ ಇದೆ. ವಾರಕ್ಕೊಮ್ಮೆ ತೊಳೆಯಿರಿ ಎಂದು ಕೈಪಿಡಿ ಹೇಳುತ್ತದೆ. ಗದಗಿನ ಬೇಸಿಗೆಯಲ್ಲಿ, ಹೊಲಗಳೆಲ್ಲ ಬೋಳಾಗಿ ಸುಂಟರಗಾಳಿ ಎದ್ದಾಗ ವಾರ ತಡೆಯುವುದಿಲ್ಲ. ನಲ್ಲಿಯ ಕೆಳಗೆ ಹಿಡಿದು ಹಿಂಡಿದರೆ ಮೊದಲು ಕಪ್ಪು ನೀರು, ಆಮೇಲೆ ಬೂದು, ಆಮೇಲೆ ತಿಳಿ. ಬಚ್ಚಲಿನ ತಳದಲ್ಲಿ ಎರೆಮಣ್ಣಿನ ನುಣ್ಣನೆಯ ಪದರ ಕೂತಿರುತ್ತದೆ. ತೊಳೆದದ್ದನ್ನು ಬಿಸಿಲಿನಲ್ಲಿ ಒಣಗಿಸದೆ ನೆರಳಿನಲ್ಲಿ ಆರಿಸಿ, ಪೂರ್ತಿ ಒಣಗಿದ ಮೇಲೆಯೇ ಹಾಕಬೇಕು; ತೇವ ಒಳಗೆ ಹೋದರೆ ಜಿಯೊಲೈಟ್ ಕೆಡುತ್ತದೆ. ಅದಕ್ಕೆಂದೇ ಎರಡು ಫಿಲ್ಟರ್ ಇಟ್ಟುಕೊಂಡಿದ್ದೇವೆ. ಯಂತ್ರವನ್ನು ಗೋಡೆಗೆ ಒತ್ತಿ ಇಡಬಾರದು, ಒಂದಡಿಗಿಂತ ಹೆಚ್ಚು ಜಾಗ ಬಿಡಬೇಕು, ಪರದೆ ಮುಚ್ಚಬಾರದು, ಅಡುಗೆಮನೆಯ ಬಳಿ ಇಡಲೇಬಾರದು. ನಳಿಕೆಯ ಗಾಳಿಗೆ ತೇವ ಕೊಡುವ ನೀರಿನ ಬಾಟಲಿಗೆ ಕಾಯಿಸಿ ಆರಿಸಿದ ನೀರನ್ನು ದಿನವೂ ಬದಲಿಸುತ್ತೇವೆ. ಇಷ್ಟು ಕಡಿಮೆ ಹರಿವಿಗೆ ಬಾಟಲಿ ಕಡ್ಡಾಯವಲ್ಲವಾದರೂ ಚಳಿಗಾಲದ ಒಣಗಾಳಿಗೆ ಅತ್ತೆಯ ಮೂಗು ಒಡೆಯುತ್ತಿತ್ತು. ಮೂಗಿಗೆ ಕೊಬ್ಬರಿಎಣ್ಣೆ ಸವರುವ ಅವರ ಹಳೆಯ ರೂಢಿಯನ್ನು ಬಿಡಿಸಬೇಕಾಯಿತು, ಏಕೆಂದರೆ ಆಮ್ಲಜನಕದ ಜೊತೆ ಎಣ್ಣೆ-ಜಿಡ್ಡು ಕೂಡಬಾರದು.

ಹರಿವಿನ ಗುಂಡಿಯ ಬಗ್ಗೆ ನಾನು ಸ್ವಲ್ಪ ಗಟ್ಟಿ ದನಿಯಲ್ಲೇ ಹೇಳುತ್ತೇನೆ: ಅದನ್ನು ಮನೆಯವರು ತಿರುವಬಾರದು. ನೋಡಲು ಬಂದ ನೆಂಟರು ‘ಒಂದs ಹಚ್ಚೀರಲ್ಲ, ಐದರತನಾ ಐತಲ್ಲ, ಪೂರಾ ಹಚ್ಚರಿ, ಪಾಪ’ ಎನ್ನುತ್ತಾರೆ, ಅವರದು ಕರುಣೆಯೇ. ಆದರೆ ಸಿಒಪಿಡಿಯ ಕೆಲವರ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಮೊದಲೇ ಸಂಗ್ರಹವಾಗಿರುತ್ತದೆ. ಅಂಥವರಿಗೆ ಆಮ್ಲಜನಕ ಅಳತೆ ಮೀರಿದರೆ ಬಿಗಿದಿದ್ದ ನಾಳಗಳು ತೆರೆದು, ಗಾಳಿಯಾಡದ ಭಾಗಗಳಿಗೂ ರಕ್ತ ಹರಿದು, ಡೈಆಕ್ಸೈಡ್ ಹೊರಹೋಗುವುದು ಇನ್ನೂ ಕಡಿಮೆಯಾಗುತ್ತದೆ. ಬೆಳಿಗ್ಗೆ ತಲೆನೋವು, ಹಗಲೆಲ್ಲ ತೂಕಡಿಕೆ, ಮಾತಿನಲ್ಲಿ ಗೊಂದಲ, ಕೈನಡುಕ ಇವು ಅದರ ಗುರುತು. ಹೆಚ್ಚಾದರೆ ಎಚ್ಚರ ತಪ್ಪುತ್ತದೆ. ಬೆರಳಿನ ಆಕ್ಸಿಮೀಟರ್ ಆಗಲೂ 97 ತೋರಿಸುತ್ತ ಎಲ್ಲ ಚೆನ್ನಾಗಿದೆ ಎನ್ನುತ್ತದೆ, ಏಕೆಂದರೆ ಡೈಆಕ್ಸೈಡನ್ನು ಅದು ಅಳೆಯಲಾರದು. ಈ ಅಪಾಯ ಇರುವವರಿಗೆ ವೈದ್ಯರು ಇಟ್ಟುಕೊಳ್ಳುವ ಗುರಿ 88ರಿಂದ 92. ಅತ್ತೆಗೆ ಕೂತಾಗ ನಿಮಿಷಕ್ಕೆ 1 ಲೀಟರ್, ನಡೆಯುವಾಗ 2 ಲೀಟರ್ ಎಂದು ಬರೆದುಕೊಟ್ಟಿದ್ದಾರೆ. ಆ ಚೀಟಿಯನ್ನು ಯಂತ್ರದ ನೆತ್ತಿಗೆ ಅಂಟಿಸಿದ್ದೇನೆ, ನೆಂಟರಿಗೂ ಕಾಣುವಂತೆ.

ಹದಿನೈದು ತಾಸನ್ನು ಹೊಂದಿಸುವುದು ಇಡೀ ಮನೆಯ ಕೆಲಸ. ರಾತ್ರಿ ಒಂಬತ್ತಕ್ಕೆ ಹಚ್ಚಿದರೆ ಬೆಳಗಿನ ಆರರವರೆಗೆ ಒಂಬತ್ತು ತಾಸು ನಿದ್ದೆಯಲ್ಲೇ ಸಂದುಹೋಗುತ್ತದೆ. ಉಳಿದ ಆರನ್ನು ಹಗಲಿನಲ್ಲಿ ಹುಡುಕಬೇಕು. ಊಟದ ಹೊತ್ತಿಗೆ ನಳಿಕೆ ತೆಗೆಯಬೇಕಾಗಿಲ್ಲ, ಮೂಗಿನ ನಳಿಕೆಯ ಅನುಕೂಲವೇ ಅದು. ಆದರೆ ಬಂದವರ ಎದುರು ನಳಿಕೆ ಹಚ್ಚಿಕೊಂಡು ಕೂರಲು ಅತ್ತೆಗೆ ನಾಚಿಕೆ. ಯಾರಾದರೂ ಗೇಟು ಸರಿಸಿದ ಸದ್ದಾದರೆ ನಳಿಕೆ ತಲೆದಿಂಬಿನ ಕೆಳಗೆ ಹೋಗುತ್ತಿತ್ತು, ಸೆರಗು ತಲೆಯ ಮೇಲೆ ಬರುತ್ತಿತ್ತು. ಹೀಗೆ ಕಳೆದುಹೋಗುವ ತಾಸುಗಳನ್ನು ಯಾವ ವೈದ್ಯರೂ ಹಿಡಿಯಲಾರರು. ಯಂತ್ರದಲ್ಲಿರುವ ತಾಸಿನ ಮೀಟರ್ ಕೂಡ ಯಂತ್ರ ಓಡಿದ ಹೊತ್ತನ್ನು ಹೇಳುತ್ತದೆಯೇ ಹೊರತು ಮೂಗಿಗೆ ಹಚ್ಚಿದ ಹೊತ್ತನ್ನಲ್ಲ. ಇಲ್ಲಿ ನನಗೆ ನೆರವಾದದ್ದು 2024ರಲ್ಲಿ ಬಂದ ಸ್ವೀಡನ್ನಿನ ಅಧ್ಯಯನ. ಅಲ್ಲಿ 241 ರೋಗಿಗಳನ್ನು 24 ತಾಸು ಮತ್ತು 15 ತಾಸಿನ ಎರಡು ಗುಂಪು ಮಾಡಿ ಒಂದು ವರ್ಷ ನೋಡಿದಾಗ, ಹೆಚ್ಚು ತೆಗೆದುಕೊಂಡವರು ಆಸ್ಪತ್ರೆ ಸೇರುವುದಾಗಲಿ ಸಾಯುವುದಾಗಲಿ ಕಡಿಮೆಯಾಗಲಿಲ್ಲ. ‘ಅತ್ತೀ, ಹದಿನೈದು ತಾಸು ನನಗ ಕೊಡ್ರಿ, ಒಂಬತ್ತು ತಾಸು ನಿಮ್ಮದು’ ಎಂದೆ. ಆ ಲೆಕ್ಕ ಅವರಿಗೆ ಹಿಡಿಸಿತು. ಈಗ ಸ್ನಾನ, ಪೂಜೆ, ಸಂಜೆ ಕಟ್ಟೆಯ ಮೇಲಿನ ಮಾತುಕತೆ ಅವರ ಒಂಬತ್ತರಲ್ಲಿ. ಮಧ್ಯಾಹ್ನದ ನಿದ್ದೆ ಮತ್ತು ಟಿವಿಯ ಧಾರಾವಾಹಿಗಳೆಲ್ಲ ಹದಿನೈದರಲ್ಲಿ.

ಅಡುಗೆಮನೆಯದೇ ಕಷ್ಟವಾಯಿತು. ಆಮ್ಲಜನಕ ತಾನು ಉರಿಯುವುದಿಲ್ಲ, ಉರಿಯುವುದನ್ನು ಭಗ್ಗೆಂದು ಉರಿಸುತ್ತದೆ. ನಳಿಕೆ ಹಚ್ಚಿಕೊಂಡವರ ಸೀರೆಯ ಸೆರಗು, ಹೊದಿಕೆ, ಕೂದಲು ಇವುಗಳಲ್ಲೆಲ್ಲ ಅದು ಸೇರಿಕೊಂಡಿರುತ್ತದೆ, ನಳಿಕೆ ತೆಗೆದ ತಕ್ಷಣ ಹೋಗುವುದಿಲ್ಲ. ಗ್ಯಾಸಿನ ಒಲೆಯ ಮುಂದೆ ನಿಂತು ರೊಟ್ಟಿ ಬೇಯಿಸುವಂತಿಲ್ಲ, ದೇವರ ಮುಂದೆ ಕರ್ಪೂರ ಬೆಳಗುವಂತಿಲ್ಲ, ಊದಿನಕಡ್ಡಿಯ ಹೊಗೆಯಂತೂ ಎರಡು ಬಗೆಯಲ್ಲಿ ಕೆಡುಕು. ಪೂಜೆಗೆ ಅರ್ಧ ತಾಸು ಮೊದಲೇ ಯಂತ್ರ ಆರಿಸುತ್ತೇವೆ, ದೀಪ ಹಚ್ಚುವುದು ನಾನು, ಅತ್ತೆ ದೂರದಲ್ಲಿ ಕೂತು ಹಾಡು ಹೇಳುತ್ತಾರೆ. ಮಾವನವರ ಬೀಡಿ ಗೇಟಿನಾಚೆಗೆ ಹೋಗಿದೆ. ಬಿಟ್ಟುಬಿಡಿ ಎಂದು ತಜ್ಞರು ಹೇಳಿದ್ದಾರೆ, ನಾವೂ ಹೇಳುತ್ತಿದ್ದೇವೆ. ರೊಟ್ಟಿಯ ವಿಷಯದಲ್ಲಿ ಮಾತ್ರ ಒಂದು ರಾಜಿ ಆಗಿದೆ. ನಳಿಕೆ 15 ಮೀಟರಿನವರೆಗೆ ಉದ್ದವಿರಬಹುದಾದ್ದರಿಂದ ಪಡಸಾಲೆಯವರೆಗೆ ಬರುತ್ತದೆ. ಅಲ್ಲಿ ಮಣೆ ಹಾಕಿಕೊಂಡು ಕೂತು ಬಿಸಿನೀರು ಸುರಿದು ಜೋಳದ ಹಿಟ್ಟು ನಾದಿಕೊಡುತ್ತಾರೆ. ಅಂಗೈಯ ಬುಡದಿಂದ ಒತ್ತಿ, ಮಡಿಸಿ, ಮತ್ತೆ ಒತ್ತಿ, ಮಧ್ಯೆ ನಿಂತು ತುಟಿ ಕೂಡಿಸಿ ಉಸಿರು ಬಿಟ್ಟು, ಮತ್ತೆ ಒತ್ತುತ್ತಾರೆ. ನಾನು ಒಳಗೆ ಬಡಿದು ಬೇಯಿಸಿದ ರೊಟ್ಟಿಯ ಅಂಚು ಹರಿದಿದ್ದರೆ ಪಡಸಾಲೆಯಿಂದಲೇ ಅದಕ್ಕೆ ಟೀಕೆ ಬರುತ್ತದೆ.

ವಿದ್ಯುತ್ತಿನ ಲೆಕ್ಕವನ್ನು ಯಂತ್ರ ಕೊಳ್ಳುವ ಮೊದಲೇ ಮಾಡಬೇಕು. ನಿಮಿಷಕ್ಕೆ ಐದು ಲೀಟರಿನವರೆಗೆ ಕೊಡುವ ಯಂತ್ರ ಸುಮಾರು 350 ವ್ಯಾಟ್ ಎಳೆಯುತ್ತದೆಂದರೆ 15 ತಾಸಿಗೆ ಐದೂಕಾಲು ಯೂನಿಟ್, ತಿಂಗಳಿಗೆ 157ರ ಹತ್ತಿರ. ಗೃಹಜ್ಯೋತಿಯಲ್ಲಿ ಉಚಿತವಾಗಿ ಸಿಗುವುದು 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಹೆಚ್ಚುವರಿ. ಒಟ್ಟು ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಆ ವರ್ಷ ತಿಂಗಳಿಗೆ 70 ಯೂನಿಟ್ ಬಳಸಿದ್ದ ಮನೆಗೆ ಯಂತ್ರ ಬಂದರೆ ಬಳಕೆ 227 ಆಗುತ್ತದೆ, ಉಚಿತ ಸಂಪೂರ್ಣ ಹೋಗುತ್ತದೆ. ವೈದ್ಯರ ಚೀಟಿಯ ಮೇಲೆ ಉಸಿರಿನ ಯಂತ್ರಕ್ಕೆ ಪ್ರತ್ಯೇಕ ರಿಯಾಯಿತಿ ಕೊಡುವುದು ಸರ್ಕಾರಕ್ಕೆ ದೊಡ್ಡ ಹೊರೆಯಾಗಲಾರದು ಎಂಬುದು ನನ್ನ ಅಭಿಪ್ರಾಯ. ಬಿಲ್ಲಿಗೆ ಹೆದರಿ ಹಗಲು ಯಂತ್ರ ಆರಿಸುವ ಮನೆಗಳನ್ನು ನಾನು ಕಂಡಿದ್ದೇನೆ.

ಕರೆಂಟು ಹೋದಾಗಿನದು ಇನ್ನೊಂದು ಲೆಕ್ಕ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಗಿಡ ಬಿದ್ದು ತಂತಿ ಹರಿದರೆ ಅರ್ಧ ದಿನ ಹೋಗುವುದುಂಟು. ಫ್ಯಾನು-ದೀಪಕ್ಕೆಂದು ಹಾಕಿಸಿದ, 150 ಆಂಪಿಯರ್-ತಾಸಿನ ಒಂದೇ ಬ್ಯಾಟರಿಯ ಇನ್ವರ್ಟರ್ ಈ ಯಂತ್ರವನ್ನು ಮೂರು ನಾಲ್ಕು ತಾಸು ಎಳೆದರೆ ಹೆಚ್ಚು. ಅದೂ ಶುದ್ಧ ಸೈನ್ ವೇವ್, ಅಂದರೆ ಲೈನಿನ ಕರೆಂಟಿನಂತೆ ನಯವಾದ ಅಲೆ, ಕೊಡುವಂಥದ್ದಾಗಿರಬೇಕು. ಅದರಾಚೆಗೆ ಸಿಲಿಂಡರೇ ಗತಿ. ಕಪ್ಪು ಮೈ, ಬಿಳಿ ಹೆಗಲಿನ ಬಿ-ಟೈಪ್ ಸಿಲಿಂಡರಿನಲ್ಲಿ ತುಂಬಿದಾಗ ಸುಮಾರು 1500 ಲೀಟರ್ ಅನಿಲ ಇರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಹನ್ನೆರಡೂವರೆ ತಾಸು, 1 ಲೀಟರಿನಂತೆ ಇಪ್ಪತ್ತೈದು ತಾಸು. ಅದನ್ನು ಗೋಡೆಗೆ ಸರಪಳಿಯಿಂದ ಬಿಗಿದು ನಿಲ್ಲಿಸಿ, ತಿಂಗಳಿಗೊಮ್ಮೆ ರೆಗ್ಯುಲೇಟರಿನ ಮುಳ್ಳು ನೋಡುತ್ತೇವೆ. ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿಯ ಸಣ್ಣ ಯಂತ್ರಗಳ ಜಾಹೀರಾತನ್ನು ಮಗ ತೋರಿಸಿದ್ದ. ಅವುಗಳಲ್ಲಿ ಹೆಚ್ಚಿನವು ಉಸಿರೆಳೆದಾಗ ಮಾತ್ರ ಒಂದು ಗುಕ್ಕು ಬಿಡುತ್ತವೆ, ಅವುಗಳ ಮೇಲಿನ ‘2’ ಎಂಬ ಅಂಕಿ 2 ಲೀಟರ್ ಅಲ್ಲ. ನಿದ್ದೆಯ ಮೆಲ್ಲನೆಯ ಉಸಿರು ಅವುಗಳ ಗಮನಕ್ಕೆ ಬರದೆ ಹೋಗಬಹುದು ಎಂದು ತಜ್ಞರು ಹೇಳಿದ್ದರಿಂದ ಬಿಟ್ಟೆವು.

ಹಳೆಯ ಯಂತ್ರಗಳ ಬಗ್ಗೆಯೂ ಒಂದು ಮಾತು. 2021ರಲ್ಲಿ ಕೊಂಡ, ದಾನವಾಗಿ ಬಂದ ಕಾನ್ಸಂಟ್ರೇಟರುಗಳು ಈಗ ಅಟ್ಟದ ಮೇಲಿವೆ, ಕೈಗೆ ಅಗ್ಗವಾಗಿ ಸಿಗುತ್ತವೆ. ತೆಗೆದುಕೊಳ್ಳಬಾರದೆಂದಿಲ್ಲ. ಆದರೆ ಜಿಯೊಲೈಟ್ ತೇವ ಕುಡಿದು ಕೆಟ್ಟಿದ್ದರೆ ಯಂತ್ರ ಸದ್ದು ಮಾಡುತ್ತದೆ, ಗಾಳಿ ಬರುತ್ತದೆ, ನೀರಿನಲ್ಲಿ ಗುಳ್ಳೆ ಏಳುತ್ತವೆ, ಆಮ್ಲಜನಕ ಮಾತ್ರ ಸಾಕಷ್ಟು ಇರುವುದಿಲ್ಲ. ಗುಳ್ಳೆ ನೋಡಿ ದುಡ್ಡು ಕೊಡದೆ, ಆಮ್ಲಜನಕದ ಪ್ರಮಾಣ ಅಳೆಯುವ ಉಪಕರಣ ತರಿಸಿ, ನಿಮಗೆ ಬರೆದುಕೊಟ್ಟ ಹರಿವಿನಲ್ಲಿ ಅರ್ಧ ತಾಸು ಓಡಿಸಿ ನೋಡಿ ಕೊಳ್ಳಬೇಕು. ಆಕ್ಸಿಮೀಟರಿಗೂ ಇಂಥದೇ ಎಚ್ಚರ ಬೇಕು. 1970ರ ದಶಕದಲ್ಲಿ ಜಪಾನಿನ ಟಕುವೊ ಅಯೊಯಾಗಿ ಕಂಡುಹಿಡಿದ ಈ ತತ್ವ ಬೆರಳಿನ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ, ಮದರಂಗಿ ಕಪ್ಪಗೆ ಹತ್ತಿದ್ದರೆ ಅಂಕಿ ತಪ್ಪಬಹುದು. ಕಪ್ಪು ಮೈಬಣ್ಣದವರಲ್ಲಿ ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುವುದೂ ಉಂಟು.

ಮೊನ್ನೆಯ ಸೀಗಿಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಲೇಬೇಕೆಂದು ಅತ್ತೆ ಹಟ ಹಿಡಿದರು. ಹಿಂದಿನ ವರ್ಷಗಳಲ್ಲಿ ಬೇಡವೆಂದೇ ಹೇಳುತ್ತ ಬಂದಿದ್ದೆವು. ಈ ಸಲ ಕೂತು ಲೆಕ್ಕ ಹಾಕಿದೆವು. ಹೋಗಲು ಒಂದೂವರೆ ತಾಸು, ಬರಲು ಒಂದೂವರೆ, ಹೊಲದಲ್ಲಿ ಎರಡು; ಐದು ತಾಸು ಅವರ ಒಂಬತ್ತರಲ್ಲೇ ಹಿಡಿಯುತ್ತದೆ. ನಡೆದರೆ 84ಕ್ಕೆ ಇಳಿಯುತ್ತದೆಂಬುದು ಗೊತ್ತಿದ್ದುದರಿಂದ ತಜ್ಞರನ್ನು ಫೋನಿನಲ್ಲಿ ಕೇಳಿದೆವು. ಹೊಲದ ಬದುವಿನವರೆಗೆ ಗಾಡಿ ಹೋಗಲಿ, ಗಾಡಿಯಿಂದ ಬನ್ನಿಗಿಡದವರೆಗೆ ನಡೆಯುವಾಗ ಸಿಲಿಂಡರಿನಿಂದ 2 ಲೀಟರ್ ಹಚ್ಚಿ, ದೀಪ ಹಚ್ಚುವ ಕಡೆ ಸಿಲಿಂಡರ್ ಒಯ್ಯಬೇಡಿ ಎಂದರು. ಬಿ-ಟೈಪ್ ಸಿಲಿಂಡರನ್ನು ಹಿಂದಿನ ಸೀಟಿನ ಮುಂದೆ ಮಲಗಿಸಿ ಹಗ್ಗದಿಂದ ಕಟ್ಟಿದೆವು, ಗಾಡಿಯ ಕಿಟಕಿ ತೆರೆದಿಟ್ಟೆವು. ಮಾವನವರು ಬೀಡಿಯ ಕಟ್ಟನ್ನು ಮನೆಯಲ್ಲೇ ಬಿಟ್ಟು ಬಂದರು. ಬನ್ನಿಗಿಡದ ಬಳಿ ಅತ್ತೆ ಕುರ್ಚಿಯಲ್ಲಿ ಕೂತ ಮೇಲೆ ಮಗ ನಳಿಕೆ ತೆಗೆದು ಸಿಲಿಂಡರನ್ನು ಗಾಡಿಗೆ ಹೊತ್ತೊಯ್ದ. ಸೆರಗಿಗೆ ಗಾಳಿ ಆಡಲೆಂದು ಸ್ವಲ್ಪ ಹೊತ್ತು ಕಾದು, ಐದು ಕಲ್ಲಿಗೆ ಪೂಜೆ ಮಾಡಿ, ಕಡುಬು-ಸಜ್ಜೆರೊಟ್ಟಿಯ ಎಡೆ ಹಿಡಿದು ಹೊಲದ ಸುತ್ತ ಚರಗ ಚೆಲ್ಲಿದ್ದು ಮಕ್ಕಳು. ಎಲ್ಲಿ ಚೆಲ್ಲಬೇಕು, ಎಲ್ಲಿ ತಪ್ಪಿದರು ಎಂದು ಕೂತಲ್ಲಿಂದಲೇ ಹೇಳಿದ್ದು ಅತ್ತೆ. ಬಂದ ಮೇಲೆ ಸಂಜೆ ಆರಕ್ಕೇ ಯಂತ್ರ ಹಚ್ಚಿಕೊಂಡು ಮಲಗಿದರು, ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ತೆಗೆದೆವು. ಎಳ್ಳಮವಾಸ್ಯೆಗೂ ಹೋಗೋಣ ಎಂದಿದ್ದಾರೆ. ಅಷ್ಟರೊಳಗೆ ಹುಬ್ಬಳ್ಳಿಯಲ್ಲಿ ಎಬಿಜಿ ಪರೀಕ್ಷೆ ಇನ್ನೊಮ್ಮೆ ಆಗಬೇಕಾಗಿದೆ.